ಹಿಟ್ಟಿನ ಕೋಲಿಗೆ ಎಷ್ಟು ಕೊಡ್ತೀರಿ?

ಮರ ಕೆತ್ತೋದು ಈಗ ಥೆರಪಿ ಆಗಿಬಿಟ್ಟಿದೆ. ಶುಕ್ರವಾರ ಸಂಜೆ ಲ್ಯಾಪ್‌ಟಾಪ್ ಮುಚ್ಚಿ, ಶನಿವಾರ ಬೆಳಗಿನ ಜಾವಕ್ಕೇ ಬೆಂಗಳೂರು ಬಿಟ್ಟು, ಯಾವುದಾದರೂ ಕೆರೆ ಪಕ್ಕದ ಮರದ ನೆರಳಲ್ಲಿ ಕೂತು ಎರಡು ದಿನ ಹಸಿಮರ ಕೆತ್ತೋದು. ಭಾನುವಾರ ರಾತ್ರಿ ಒಂದು ಚಮಚ, ಬೆರಳಿಗೆ ಎರಡು ಬ್ಯಾಂಡ್ ಏಡ್, ಇನ್‌ಸ್ಟಾಗ್ರಾಮಿಗೆ ಹತ್ತು ಫೋಟೋ. 'ಡಿಜಿಟಲ್ ಡಿಟಾಕ್ಸ್' ಅಂತ ಒಬ್ಬರು, 'ಮೈಂಡ್‌ಫುಲ್‌ನೆಸ್' ಅಂತ ಇನ್ನೊಬ್ಬರು. ಸೋಮವಾರ ಆಫೀಸಿನ ಕಾಫಿ ಮೆಷಿನ್ ಮುಂದೆ ಅದೇ ಮಾತು.

ಇದನ್ನು ಗೇಲಿ ಮಾಡೋಕೆ ನಾನು ಕೂತಿಲ್ಲ. 'ದುಡ್ಡು ಹೆಚ್ಚಾದ ಸಾಫ್ಟ್‌ವೇರ್ ಜನ' ಅಂತ ನಗೋರು ನಗಲಿ. ನನಗೆ ಹಸಿಮರ ಕೆತ್ತೋದು ಇಷ್ಟ. ಕೀಲಿಮಣೆ ಬಿಟ್ಟು ಬೇರೇನೂ ಮುಟ್ಟದ ಕೈಗೆ ಒಂದು ಉಳಿ ಸಿಕ್ಕರೆ ಒಳ್ಳೆಯದೇ. ನನ್ನ ತಕರಾರು ಒಂದೇ: ಈ ಕೋರ್ಸುಗಳಲ್ಲಿ ಮೇಷ್ಟ್ರು ಅಂತ ಯಾರನ್ನು ನಿಲ್ಲಿಸ್ತೀವಿ, ದಿಮ್ಮಿ ಹೊರೋಕೆ ಅಂತ ಯಾರನ್ನು ಕರೀತೀವಿ?

ಮೊದಲು, ಹಸಿಮರದ ಕೆಲಸ ಅಂದ್ರೆ ಏನು ಅಂತ ಹೇಳಿಬಿಡ್ತೀನಿ. ಟಿಂಬರ್ ಡಿಪೋದಲ್ಲಿ ನಾವು ಕೊಳ್ಳೋದು ಒಣಗಿಸಿದ ಮರ. ಬಾಗಿಲು ಕಿಟಕಿಗೆ ಅದೇ ಬೇಕು, ಇಲ್ಲದಿದ್ದರೆ ನಾಲ್ಕು ತಿಂಗಳಲ್ಲಿ ಸೊಟ್ಟಗಾಗುತ್ತೆ. ಚನ್ನಪಟ್ಟಣದ ಬೊಂಬೆಗಳ ಹಾಲೆ ಮರವನ್ನೂ ಒಣಗಿಸಿಯೇ ಲೇತಿಗೆ ಹಾಕ್ತಾರೆ. ಗಿರಗಿರ ತಿರುಗೋ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ, ತಿಕ್ಕಾಟದ ಬಿಸಿಗೆ ಅರಗು ಕರಗಿ ಮೈಗೆ ಮೆತ್ತಿಕೊಳ್ಳುತ್ತೆ. ಆ ಹೊಳಪು ಅದರದ್ದು. ಹಸಿಮರದ ಕೆಲಸದ ದಾರಿ ಬೇರೆ. ಇವತ್ತು ಕಡಿದ ಕೊಂಬೆಯನ್ನು ಇವತ್ತೇ ಸೀಳಿ, ನೀರು ಒಸರ್ತಾ ಇರೋವಾಗಲೇ ಆಕಾರ ಕೊಟ್ಟು, ಆಮೇಲೆ ನೆರಳಲ್ಲಿ ನಿಧಾನಕ್ಕೆ ಒಣಗೋಕೆ ಬಿಡೋದು. ಒಣಗಿದ ಮೇಲೆ ಉಳಿಯ ಬಾಯಿಯನ್ನೇ ಮುರಿಯೋ ಮರ, ಹಸಿಯಾಗಿದ್ದಾಗ ಹೇಳಿದ ಮಾತು ಕೇಳುತ್ತೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನೋ ಗಾದೆಗೆ ಬಡಗಿಗಳ ಲೋಕದಲ್ಲಿ ಇನ್ನೊಂದು ಅರ್ಥವೂ ಇದೆ.

ಇದರ ಹಿಂದಿರೋ ವಿಜ್ಞಾನವೂ ಸರಳ. ಹಸಿಮರದ ನೀರು ಎರಡು ಕಡೆ ಇರುತ್ತೆ: ಜೀವಕೋಶಗಳ ಒಳಗಿನ ಟೊಳ್ಳಿನಲ್ಲಿ, ಮತ್ತೆ ಆ ಕೋಶಗಳ ಗೋಡೆಯಲ್ಲಿ. ಟೊಳ್ಳಿನ ನೀರು ಹೋದರೆ ಮರ ಹಗುರಾಗುತ್ತೆ, ಅಷ್ಟೆ. ತೇವಾಂಶ ಸುಮಾರು ಶೇಕಡಾ 30ಕ್ಕಿಂತ ಕೆಳಗಿಳಿದು ಗೋಡೆಯ ನೀರು ಆರೋಕೆ ಶುರುವಾದಾಗ ಮರ ಕುಗ್ಗುತ್ತೆ. ಕುಗ್ಗೋದೂ ಎಲ್ಲ ಕಡೆ ಒಂದೇ ಸಮ ಅಲ್ಲ. ಉಂಗುರದ ಗುಂಟ ಕುಗ್ಗೋದು, ತಿರುಳಿನಿಂದ ತೊಗಟೆ ಕಡೆಗೆ ಕುಗ್ಗೋದಕ್ಕಿಂತ ಹೆಚ್ಚುಕಮ್ಮಿ ಎರಡರಷ್ಟು. ಅದಕ್ಕೇ ದುಂಡು ದಿಮ್ಮಿಯನ್ನು ಹಾಗೇ ಬಿಟ್ಟರೆ ತಿರುಳಿನಿಂದ ಬಿರುಕು ಬಿಡೋದು. ಮೊದಲೇ ಸೀಳಿ, ತಿರುಳು ತೆಗೆದು, ತೆಳುವಾಗಿ ಕೆತ್ತಿಟ್ಟರೆ ಮರಕ್ಕೆ ಕುಗ್ಗೋಕೆ ಜಾಗ ಸಿಗುತ್ತೆ, ಒಡೆಯಲ್ಲ.

ಇದನ್ನು ನಮ್ಮ ಕೋರ್ಸುಗಳಲ್ಲಿ ಹೇಗೆ ಪರಿಚಯಿಸ್ತಾರೆ ನೋಡಿ. ಸ್ವೀಡನ್ನಿನಿಂದ ಶುರು. ಅಲ್ಲಿನ ಚಮಚ ಕೆತ್ತನೆಯ ದೊಡ್ಡ ಹೆಸರು ವಿಲ್ಲೆ ಸುಂಡ್ಕ್ವಿಸ್ಟ್. ಆಮೇಲೆ ಅಮೆರಿಕದಲ್ಲಿ 1978ರಲ್ಲಿ ಬಂದ, ನಿಂತ ಮರದಿಂದ ಕುರ್ಚಿ ಮಾಡೋದನ್ನು ಕಲಿಸೋ ಜಾನ್ ಅಲೆಕ್ಸಾಂಡರ್ ಪುಸ್ತಕ. ಕೈಗೆ ಸ್ವೀಡನ್ನಿನ ಮೊರಾ ಚಾಕು. ಇದೆಲ್ಲ ನಿಜ, ಅವರ ಬಗ್ಗೆ ನನಗೆ ಗೌರವವೂ ಇದೆ. ಆದರೆ ಮಂಡ್ಯ ಜಿಲ್ಲೆಯ ಕೆರೆ ದಂಡೆ ಮೇಲೆ ಕೂತು, ಹಸಿಮರ ಕೆತ್ತೋದು ಸ್ಕ್ಯಾಂಡಿನೇವಿಯಾದಿಂದ ಬಂದ ವಿದ್ಯೆ ಅನ್ನೋ ಹಾಗೆ ಮಾತಾಡಿದರೆ ಏನು ಹೇಳೋಣ? ಇದೇ ನೆಲದಲ್ಲಿ ನೇಗಿಲು, ನೊಗ, ಕುಂಟೆ, ಕೂರಿಗೆ, ಗಾಡಿ ಅಚ್ಚು, ಒನಕೆ, ಕಡೆಗೋಲು, ಕಣದಲ್ಲಿ ರಾಶಿ ಎಳೆಯೋ ಗೋರುಮಣೆ ಇವನ್ನೆಲ್ಲ ಮಾಡಿದವರು ಯಾರು? ಕರಿಜಾಲಿ ಒಣಗಿದರೆ ಕಬ್ಬಿಣ. ಅದನ್ನು ಹಸಿಯಾಗಿದ್ದಾಗಲೇ ಬಾಚಿಯಲ್ಲಿ ಕೆತ್ತಿದರಷ್ಟೇ ನೇಗಿಲು. ಪ್ರತಿ ಊರಿನ ಆಚಾರಿಗೂ ಇದು ಗೊತ್ತಿತ್ತು. ಅವರು ಪುಸ್ತಕ ಬರೀಲಿಲ್ಲ, ಅಷ್ಟೆ.

ಇಂಗ್ಲೆಂಡಿನ ಒಂದು ಕತೆ ಇಲ್ಲಿ ನೆನಪಾಗುತ್ತೆ. ಹೈ ವೈಕೊಂಬ್ ಅನ್ನೋ ಊರಿನ ಸುತ್ತ ಬೀಚ್ ಮರದ ಕಾಡುಗಳಿದ್ದವು. ಬಾಜರ್ ಅಂತ ಕರೆಸಿಕೊಳ್ಳುತ್ತಿದ್ದ ಕಸುಬುದಾರರು ಆ ಕಾಡಲ್ಲೇ ಗುಡಿಸಲು ಹಾಕಿಕೊಂಡು, ಕಾಲಲ್ಲಿ ತುಳಿಯೋ ಲೇತಿನ ಮೇಲೆ ಹಸಿಮರದ ಕುರ್ಚಿ ಕಾಲು ಕಡೆದು ಕಾರ್ಖಾನೆಗಳಿಗೆ ಮಾರುತ್ತಿದ್ದರು. ಇಪ್ಪತ್ತನೇ ಶತಮಾನದ ನಡುವಿನ ಹೊತ್ತಿಗೆ ಆ ಕಸುಬು ಮುಗಿದೇಹೋಯ್ತು. ಆಮೇಲೆ ಹವ್ಯಾಸಿಗಳು ಬಂದರು. ಹಳೆಯ ಫೋಟೋ, ಹಳೆಯ ಉಪಕರಣ ನೋಡಿ ಮತ್ತೆ ಕಲಿತರು. ಅವರಿಗೆ ಬೇರೆ ದಾರಿ ಇರಲಿಲ್ಲ, ಕೇಳೋಣ ಅಂದ್ರೆ ಕಸುಬಿನವರೇ ಉಳಿದಿರಲಿಲ್ಲ.

ನಮ್ಮ ಪರಿಸ್ಥಿತಿ ಹಾಗಿಲ್ಲ. ನಮ್ಮಲ್ಲಿ ಕೇಳೋಕೆ ಜನ ಇನ್ನೂ ಇದ್ದಾರೆ. ಅವರ ಕೈಯಲ್ಲಿ ನಾವು ಏನು ಮಾಡಿಸ್ತಿದ್ದೀವಿ ಅನ್ನೋದೇ ಪ್ರಶ್ನೆ.

ನಾನು ಹೋದ ಕೋರ್ಸು ತೊಣ್ಣೂರಿನಲ್ಲಿತ್ತು. ಪಾಂಡವಪುರದಿಂದ ಹತ್ತಿರ ಹತ್ತು ಕಿಲೋಮೀಟರ್. ಎರಡು ಗುಡ್ಡದ ನಡುವೆ ಏರಿ ಕಟ್ಟಿ ನಿಲ್ಲಿಸಿದ ತಿಳಿನೀರಿನ ಕೆರೆ, ಮೋತಿ ತಲಾಬ್ ಅನ್ನೋ ಹೆಸರೂ ಅದಕ್ಕಿದೆ. ಊರಲ್ಲಿ ನಂಬಿನಾರಾಯಣ ದೇವಸ್ಥಾನ. ಹನ್ನೆರಡು ಜನ ಇದ್ದೆವು, ಎರಡು ದಿನಕ್ಕೆ ತಲಾ 9,000 ರೂಪಾಯಿ. ಕಲಿಸಿದ ಹುಡುಗ ಬೆಂಗಳೂರಿನವನು, ಒಳ್ಳೆಯವನು, ವಿದೇಶದಲ್ಲಿ ಒಂದು ಶಿಬಿರ ಮುಗಿಸಿ ಬಂದಿದ್ದ. ಜೊತೆಗೆ ಇನ್ನೊಬ್ಬರಿದ್ದರು. ವಯಸ್ಸು ಐವತ್ತರ ಮೇಲೆ. ಮಾವಿನ ಕೊಂಬೆಗಳನ್ನು ಹೊತ್ತು ತಂದು, ನಮ್ಮ ಅಳತೆಗೆ ಕೊಯ್ದು, ಬೆಣೆ ಹೊಡೆದು ಸೀಳಿ, ಮೊಂಡಾದ ಚಾಕುಗಳನ್ನು ಮಸೆದುಕೊಡೋದು ಅವರ ಕೆಲಸ. ಪರಿಚಯದ ಹೊತ್ತಿನಲ್ಲಿ ಅವರನ್ನು 'ಸಪೋರ್ಟ್ ಸ್ಟಾಫ್' ಅಂದರು. ಹೆಸರು ಹೇಳಲಿಲ್ಲ.

ಮೊದಲ ದಿನ ಮಧ್ಯಾಹ್ನ ನನ್ನ ಹಿಂದೆ ಬಂದು ನಿಂತರು.

"ಸಾ, ಆ ತುಂಡಲ್ಲಿ ತಿರ್ಳು ಉಳ್ಕಂಡದೆ. ಹಂಗೇ ಬುಟ್ರೆ ನಾಳಿಕ್ಕೆ ಸೀಳೋಯ್ತದೆ."

"ಅಣ್ಣ, ನೀವು ಮರದ ಕೆಲಸ ಮಾಡೋರಾ?"

"ಇನ್ನೇನ್ ಸಾ, ನಾವ್ ಆಚಾರ್ರಲ್ವಾ."

ಅಲ್ಲಿಂದ ಮುಂದೆ ನಾನು ಕಲಿತದ್ದೆಲ್ಲ ಅವರ ಹತ್ತಿರ. ಅವರಪ್ಪ ನೇಗಿಲು, ಗಾಡಿ ಮಾಡುತ್ತಿದ್ದರಂತೆ. ಜಾಲಿ ದಿಮ್ಮಿಗಳನ್ನು ಕೆರೆ ನೀರಲ್ಲಿ ತಿಂಗಳುಗಟ್ಟಲೆ ಮುಳುಗಿಸಿಡುತ್ತಿದ್ದರಂತೆ. ಮರದ ಸಾರ ನೀರಿಗೆ ಹೋದರೆ ಹುಳಕ್ಕೆ ತಿನ್ನೋಕೆ ಏನೂ ಉಳಿಯಲ್ಲ. ಇವರೂ ಚಿಕ್ಕವರಿದ್ದಾಗ ನೇಗಿಲು ಕೆತ್ತಿದ್ದಾರೆ. ಆಮೇಲೆ ಕಬ್ಬಿಣದ ನೇಗಿಲು, ಟ್ರ್ಯಾಕ್ಟರು ಬಂತು. ಈಗ ಮೈಸೂರಿನ ಅಪಾರ್ಟ್‌ಮೆಂಟುಗಳಲ್ಲಿ ಪ್ಲೈವುಡ್ಡಿಗೆ ಲ್ಯಾಮಿನೇಟ್ ಅಂಟಿಸ್ತಾರೆ. ಕೋರ್ಸಿಗೆ ಬಂದದ್ದು ದಿನಕ್ಕೆ 900 ರೂಪಾಯಿ ಕೂಲಿಗೆ.

ಲೆಕ್ಕ ಮಾಡಿ. ಹನ್ನೆರಡು ಜನ, ಒಟ್ಟು 1,08,000 ರೂಪಾಯಿ. ಅದರಲ್ಲಿ ಮರ ಬಲ್ಲ ಮನುಷ್ಯನಿಗೆ 1,800. ಊಟ, ಜಾಗ, ಉಪಕರಣ, ಜಾಹೀರಾತು ಎಲ್ಲಕ್ಕೂ ಖರ್ಚಿದೆ, ಒಪ್ಪಿದೆ. ಆದರೂ ಅವರಿಗೆ ಸಿಕ್ಕಿದ್ದು ನೂರಕ್ಕೆ ಎರಡು ರೂಪಾಯಿಯೂ ಆಗಲಿಲ್ಲ. ಚೌಕಾಸಿ ಮಾಡಿ ಇಳಿಸಿದ್ದಲ್ಲ ಇದು. ಅವರು ಕಲಿಸಬಲ್ಲರು ಅಂತ ಯಾರಿಗೂ ಹೊಳೆದೇ ಇರಲಿಲ್ಲ.

'ಆಚಾರಿ' ಅನ್ನೋ ಮಾತು ಬಂದದ್ದೇ 'ಆಚಾರ್ಯ'ದಿಂದ. ಮೇಷ್ಟ್ರು ಅಂತಲೇ ಅರ್ಥ. ತೊಣ್ಣೂರಿಗೆ ಹೋಗೋ ಪ್ರತಿಯೊಬ್ಬರಿಗೂ ಒಬ್ಬ ಆಚಾರ್ಯರು ಗೊತ್ತು. ರಾಮಾನುಜಾಚಾರ್ಯರು ಇಲ್ಲಿದ್ದರು, ಹೊಯ್ಸಳ ವಿಷ್ಣುವರ್ಧನನ ಹೆಸರು ಅವರ ಜೊತೆ ಕೂಡಿಕೊಂಡಿದೆ, ಗೈಡುಗಳು ಬಾಯಿಪಾಠ ಒಪ್ಪಿಸ್ತಾರೆ. ಅದೇ ಊರ ಕೆರೆ ಏರಿ ಮೇಲೆ ಸೌದೆ ಹೊತ್ತು ನಡೆಯೋ ಇನ್ನೊಬ್ಬ ಆಚಾರ್ಯನನ್ನು ನಾವು ಸಪೋರ್ಟ್ ಸ್ಟಾಫ್ ಅಂತೀವಿ.

ಅದೇ ವಿಷ್ಣುವರ್ಧನ ಬೇಲೂರಲ್ಲಿ ದೇವಸ್ಥಾನ ಕಟ್ಟಿಸಿದ. ಅಲ್ಲಿ ಮೂರ್ತಿಗಳ ಕೆಳಗೆ ಕೆತ್ತಿದವರ ಹೆಸರಿದೆ: ದಾಸೋಜ, ಅವನ ಮಗ ಚಾವಣ. ಹದಿಮೂರನೇ ಶತಮಾನದ ಸೋಮನಾಥಪುರಕ್ಕೆ ಹೋದರೆ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಸಿಗುತ್ತೆ. ಅವರು ಕೆತ್ತಿದ ಬಳಪದ ಕಲ್ಲು ಕೂಡ ಹಸಿಮರದ ಹಾಗೇ, ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದ ಮೇಲೆ ಗಟ್ಟಿ. ರಾಜನ ಕಾಲದಲ್ಲಿ ಉಳಿ ಹಿಡಿದವನ ಹೆಸರಿಗೆ ಕಲ್ಲಿನ ಮೇಲೆ ಜಾಗ ಸಿಕ್ಕಿತ್ತು. ನಮ್ಮ ಕಾಲದಲ್ಲಿ ಒಂದು ಸಾಲು ಕೋಡ್ ಬರೆದವನ ಹೆಸರೂ ಗಿಟ್‌ನಲ್ಲಿ ಉಳಿಯುತ್ತೆ. ಓಪನ್ ಸೋರ್ಸ್‌ನಲ್ಲಿ ಕ್ರೆಡಿಟ್ ಕೊಡದೆ ಇನ್ನೊಬ್ಬರ ಕೆಲಸ ಎತ್ತಿದರೆ ಎಷ್ಟು ಕೂಗಾಡ್ತೀವಿ! ಕೋರ್ಸಿನ ಪೋಸ್ಟರ್‌ನಲ್ಲಿ ಆಚಾರಿಯ ಹೆಸರು ಹಾಕೋಕೆ ಮಾತ್ರ ಜಾಗ ಸಾಲಲ್ಲ.

ಸರ್ಕಾರ ಏನೂ ಮಾಡಿಲ್ಲ ಅಂತಲ್ಲ. 2023ರ ಸೆಪ್ಟೆಂಬರ್ 17ರಂದು ಪಿಎಂ ವಿಶ್ವಕರ್ಮ ಯೋಜನೆ ಶುರುವಾಯ್ತು. 18 ಕಸುಬುಗಳು, ಅದರಲ್ಲಿ ಬಡಗಿತನವೂ ಒಂದು. ತರಬೇತಿಗೆ ಬಂದರೆ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000, ಶೇಕಡಾ 5ರ ಬಡ್ಡಿಗೆ ಎರಡು ಕಂತಲ್ಲಿ 3 ಲಕ್ಷದವರೆಗೆ ಸಾಲ. ಒಳ್ಳೆಯದು, ಸಿಗೋರಿಗೆ ಸಿಗಲಿ. ಆದರೆ ಅಲ್ಲೂ ಆಚಾರಿ ಕೂರೋದು ವಿದ್ಯಾರ್ಥಿಯ ಬೆಂಚಿನ ಮೇಲೆ. ಅವರು ಕಲಿಯೋಕೆ ಕೂತರೆ ದಿನಕ್ಕೆ 500 ಸಿಗುತ್ತೆ. ನಾವು ಕಲಿಯೋಕೆ ಕೂತರೆ ದಿನಕ್ಕೆ 4,500 ಕೊಡ್ತೀವಿ. ಅವರಿಂದ ನಾವು ಕಲಿತು, ಆ ದುಡ್ಡು ಅವರಿಗೇ ಹೋಗೋ ಸರಳ ಲೆಕ್ಕ ಎರಡೂ ಕಡೆ ಕಾಣಿಸಲ್ಲ.

ಇದಕ್ಕೆ ನನ್ನ ಗೆಳೆಯರು ಹೇಳೋ ಉತ್ತರಗಳೂ ನನಗೆ ಗೊತ್ತು.

'ಅವರಿಗೆ ಕೆಲಸ ಬರುತ್ತೆ, ಕಲಿಸೋಕೆ ಬರಲ್ಲ. ಇಂಗ್ಲಿಷೂ ಬರಲ್ಲ.' ತಿರುಳು ಬಿಟ್ಟರೆ ಸೀಳುತ್ತೆ ಅನ್ನೋದನ್ನು ಒಂದೇ ವಾಕ್ಯದಲ್ಲಿ ಹೇಳಿದರಲ್ಲ, ಅದಕ್ಕಿಂತ ಚೆನ್ನಾಗಿ ಕಲಿಸೋದು ಹೇಗೆ? ಬಾಚಿ ಬೀಸುವಾಗ ಮಣಿಕಟ್ಟು ಎಲ್ಲಿರಬೇಕು, ಕಾಲು ಎಲ್ಲಿಡಬಾರದು ಅನ್ನೋದನ್ನು ಕೈ ಹಿಡಿದೇ ತೋರಿಸಬೇಕು. ಅದಕ್ಕೆ ಯಾವ ಭಾಷೆ ಬೇಕು? ಹನ್ನೆರಡರಲ್ಲಿ ಒಂಬತ್ತು ಜನಕ್ಕೆ ಕನ್ನಡ ಬರ್ತಿತ್ತು. ಉಳಿದ ಮೂವರಿಗೆ ಅನುವಾದ ಮಾಡೋಕೆ ಆ ಬೆಂಗಳೂರಿನ ಹುಡುಗ ಇದ್ದನಲ್ಲ. ಆಚಾರಿ ಮುಂದೆ, ಅವನು ಪಕ್ಕದಲ್ಲಿ. ಅದಲು ಬದಲು ಮಾಡಿದರೆ ಸಾಕಿತ್ತು.

'ಇದು ಅವರ ಕುಲಕಸುಬು, ಅವರ ಮಕ್ಕಳು ಉಳಿಸಿಕೊಳ್ಳಬೇಕು.' ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತೆ. ಹಳೇ ಮೈಸೂರಿನ ಊರುಗಳಲ್ಲಿ ಆಚಾರಿ ಆಯಗಾರ. ವರ್ಷವಿಡೀ ಊರಿನ ನೇಗಿಲು ರಿಪೇರಿ ಮಾಡಿ, ಸುಗ್ಗಿಯಲ್ಲಿ ಕಣದ ಹತ್ತಿರ ನಿಂತು ಇಷ್ಟು ರಾಗಿ, ಇಷ್ಟು ಭತ್ತ ಅಂತ ಆಯ ತಗೋಬೇಕು. ಹೊಟ್ಟೆಗೆ ಆಗ್ತಿತ್ತು, ನಿಜ. ಆದರೆ ಹುಟ್ಟಿದ ಮನೆಯೇ ಕೆಲಸ ಗೊತ್ತು ಮಾಡ್ತಿತ್ತು. ಆ ಪದ್ಧತಿ ಹೋದದ್ದಕ್ಕೆ ನಾನು ಅಳಲ್ಲ. ತೊಣ್ಣೂರಿನ ಆಚಾರಿಯ ಮಗ ಮೈಸೂರಲ್ಲಿ ಡಿಪ್ಲೊಮಾ ಓದ್ತಿದ್ದಾನೆ. "ಅವ್ನಾದ್ರೂ ನೆಳ್ಳಲ್ಲಿ ಕೂತ್ಕಂಡು ಕೆಲ್ಸ ಮಾಡ್ಲಿ ಬುಡಿ ಸಾ" ಅಂದರು. ನಾವು ಹನ್ನೆರಡು ಜನ ಆಗ ನೆರಳಲ್ಲಿ ಕೂತಿದ್ದೆವು.

ಆ ಹುಡುಗನನ್ನು ಬಾಚಿಗೆ ಕಟ್ಟಿಹಾಕೋ ಹಕ್ಕು ಯಾರಿಗೂ ಇಲ್ಲ. ಹಾಗಾದರೆ ವಿದ್ಯೆ ಉಳಿಯೋದು ಹೇಗೆ? ಬೇರೆ ಮನೆಯ ಮಕ್ಕಳು ಕಲಿತರೆ. ಇಲ್ಲೇ ಈ ಎರಡು ದಿನದ ಕೋರ್ಸುಗಳ ಬೆಲೆ ಇರೋದು. ಒಂದೇ ಜಾತಿಯ ಹಿತ್ತಲಲ್ಲಿ ಉಳಿದಿದ್ದ ವಿದ್ಯೆಯನ್ನು ಬ್ರಾಹ್ಮಣರ ಹುಡುಗಿ, ಗೌಡರ ಹುಡುಗ, ದಲಿತರ ಹುಡುಗ ಒಟ್ಟಿಗೆ ಕೂತು ಕಲಿಯಬಹುದು. ಸಣ್ಣ ಬದಲಾವಣೆ ಅಲ್ಲ ಇದು. ಆದರೆ ಬಾಗಿಲು ತೆಗೆದವರನ್ನೇ ಹೊರಗೆ ನಿಲ್ಲಿಸಿ ಒಳಗೆ ಹೋದರೆ, ಅದಕ್ಕೆ ಕಲಿಕೆ ಅನ್ನಲ್ಲ, ಕಳವು ಅಂತಾರೆ.

'ಮಾರ್ಕೆಟ್ ರೇಟು ಅಷ್ಟೇ ಇದೆ, ನಾವೇನು ಮಾಡೋದು?' ಇದು ಮೂರನೇ ಉತ್ತರ. ಎರಡನೇ ದಿನ, ಚಮಚ ಮುಗಿಸಿದ ಮೇಲೆ, ನಾನು ಅವರನ್ನು ಒಂದು ಹಿಟ್ಟಿನ ಕೋಲು ಮಾಡಿಕೊಡ್ತೀರಾ ಅಂತ ಕೇಳಿದೆ. ಮುದ್ದೆ ತೊಳಸೋ ಕೋಲು. ಮಂಡ್ಯದ ಮನೆಗಳಲ್ಲಿ ಅದಿಲ್ಲದೆ ಊಟ ಇಲ್ಲ. ಆದರೂ ಕೆರೆ ಪಕ್ಕದಲ್ಲಿ ಹನ್ನೆರಡು ಜನ ಕೂತು ಕೆತ್ತಿದ್ದು ಜಾಮ್ ಹಚ್ಚೋ ಚಮಚ. ಉಳಿದಿದ್ದ ಕೊಂಬೆ ತಗೊಂಡು, ಮಚ್ಚಲ್ಲಿ ನಾಲ್ಕು ಏಟು, ಬಾಚಿಯಲ್ಲಿ ಒಂದು ಸುತ್ತು, ಕೊನೆಗೆ ಗಾಜಿನ ಚೂರಲ್ಲಿ ಹೆರೆದು ನುಣುಪು. ನಲವತ್ತು ನಿಮಿಷ. ಎಷ್ಟು ಕೊಡಲಿ ಅಂದೆ.

"ಏನಾರಾ ಕೊಡಿ ಸಾ."

ಈ ಉತ್ತರದ ಬಗ್ಗೆ ಸ್ವಲ್ಪ ಯೋಚನೆ ಮಾಡಿ. ನಮ್ಮಲ್ಲಿ ಮೂರು ವರ್ಷ ಅನುಭವ ಇರೋ ಹುಡುಗ ಕೂಡ ಇಂಟರ್‌ವ್ಯೂನಲ್ಲಿ ಶೇಕಡಾ 40 ಹೈಕ್ ಕೇಳ್ತಾನೆ. ನಲವತ್ತು ವರ್ಷ ಅನುಭವ ಇರೋರು 'ಏನಾದರೂ ಕೊಡಿ' ಅಂತಾರೆ. ತಮ್ಮ ಸಮಯಕ್ಕೆ ರೇಟು ಹೇಳಬಹುದು ಅನ್ನೋ ಧೈರ್ಯವನ್ನೇ ಅವರಿಂದ ಕಿತ್ತುಕೊಂಡಿರೋದು ಯಾರು? ಸಂತೆಯಲ್ಲಿ, ಚನ್ನಪಟ್ಟಣದ ರಸ್ತೆ ಬದಿಯ ಅಂಗಡಿಯಲ್ಲಿ, ಕಾರಿನಿಂದ ಇಳಿದು 'ಐವತ್ತಕ್ಕೆ ಕೊಡ್ತೀಯಾ' ಅಂತ ಕೇಳೋ ನಾವೇ. ಅದೇ ನಾವು ಮಾಲ್‌ನಲ್ಲಿ 'ಹ್ಯಾಂಡ್‌ಕ್ರಾಫ್ಟೆಡ್' ಅನ್ನೋ ಚೀಟಿ ಕಂಡರೆ ಬಾಯಿ ಮುಚ್ಚಿ ಕಾರ್ಡ್ ತೆಗೀತೀವಿ.

ನಾನು ಕೋರ್ಸಿನ ಲೆಕ್ಕವನ್ನೇ ಹಾಕಿದೆ. 9,000ಕ್ಕೆ ಹನ್ನೆರಡು ಗಂಟೆ ಪಾಠ, ಗಂಟೆಗೆ 750. ನಲವತ್ತು ನಿಮಿಷಕ್ಕೆ 500. ಕೊಟ್ಟೆ. ಪಕ್ಕದಲ್ಲಿದ್ದ ಸಹಪಾಠಿ, ಒಳ್ಳೆ ಕಂಪನಿಯಲ್ಲಿ ಮ್ಯಾನೇಜರ್, ಇಂಗ್ಲಿಷಲ್ಲಿ ಅಂದ: 'ಹೀಗೆ ಕೊಟ್ಟರೆ ಇವರ ರೇಟೆಲ್ಲ ಕೆಡಿಸಿಬಿಡ್ತೀಯ.' ಎರಡು ದಿನ ಕೂತು ಒಂದು ವಕ್ರ ಚಮಚ ಕೆತ್ತಿದ ಮನುಷ್ಯ! ಆ ಕೆಲಸ ಎಷ್ಟು ಕಷ್ಟ ಅಂತ ಬೆರಳಿನ ಗಾಯವೇ ಹೇಳ್ತಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನೋ ಗಾದೆಯಲ್ಲಿ ಅವನು ಇನ್ನೂ ದೊಣ್ಣೆಯ ಕಡೆಗೇ ಇದ್ದ. ಅವನಿಗೆ ಶಾಂತಿ ಸಿಕ್ಕಿರಬಹುದು. ಕಲಿತದ್ದು ಮಾತ್ರ ಏನೂ ಇಲ್ಲ.

ಥೆರಪಿ ಅನ್ನೋ ಮಾತಿನ ಮೇಲೆ ನನ್ನ ಸಿಟ್ಟಿಗೆ ಇದೇ ಕಾರಣ. ಥೆರಪಿಯಲ್ಲಿ ಮುಖ್ಯ ನೀವು, ನಿಮ್ಮ ಮನಸ್ಸು, ನಿಮ್ಮ ನೆಮ್ಮದಿ. ಮರ, ಬಾಚಿ, ಆಚಾರಿ ಎಲ್ಲ ನಿಮ್ಮ ನೆಮ್ಮದಿಯ ಸಾಮಾನು. ವಿದ್ಯೆಯಲ್ಲಿ ಹಾಗಲ್ಲ. ಅಲ್ಲಿ ಗುರು ಇರ್ತಾರೆ, ಗುರುವಿಗೆ ಹೆಸರಿರುತ್ತೆ, ಕೊಡಬೇಕಾದ ಕಾಣಿಕೆ ಇರುತ್ತೆ, ಬರದಿದ್ದರೆ ಬೈಸಿಕೊಳ್ಳೋದೂ ಇರುತ್ತೆ. ಎರಡು ದಿನದಲ್ಲಿ ಯಾರೂ ಬಡಗಿ ಆಗಲ್ಲ. ಆದರೆ ಒಂದು ಹಸಿ ಕೊಂಬೆ ಕೈಗೆ ಬಂದು, ಹಿಡಿತ ತಪ್ಪಿ, ಎಳೆ ಸಿಕ್ಕಿ, ಒಂದು ಬದಿ ಸರಿಹೋಗೋ ಹೊತ್ತಿಗೆ ಇನ್ನೊಂದು ಬದಿ ಕೆಟ್ಟಾಗ, ಕೈಕೆಲಸಕ್ಕೆ ಎಷ್ಟು ಬುದ್ಧಿ ಬೇಕು ಅನ್ನೋದು ಗೊತ್ತಾಗುತ್ತೆ. ಎರಡು ದಿನಕ್ಕೆ ಅಷ್ಟು ಸಾಕು. ಅದು ಗೊತ್ತಾದ ಮೇಲೂ ಚೌಕಾಸಿ ಮಾಡೋಕೆ ಮನಸ್ಸು ಬಂದರೆ, ಸಮಸ್ಯೆ ಕೋರ್ಸಿನ ಅವಧಿಯದ್ದಲ್ಲ.

ಏನು ಮಾಡಬಹುದು? ಕೋರ್ಸು ನಡೆಸೋರಿಗೆ: ಆಚಾರಿಯ ಹೆಸರನ್ನು ಪೋಸ್ಟರ್‌ನಲ್ಲಿ ಹಾಕಿ, ಮೊದಲು ಹಾಕಿ. ಕೂಲಿ ಬಿಡಿ, ಮೇಷ್ಟ್ರ ಫೀಸು ಕೊಡಿ, ಒಟ್ಟು ಹಣದಲ್ಲಿ ಪಾಲು ಗೊತ್ತುಮಾಡಿ. ಚಮಚದ ಜೊತೆಗೆ ಹಿಟ್ಟಿನ ಕೋಲು, ಕಡೆಗೋಲು, ಸೌಟು ಕಲಿಸಿ. ಮನೆಗೆ ಹೋದ ಮೇಲೆ ಬಳಕೆಗೂ ಬರುತ್ತೆ. ಮರಕ್ಕೆ ಮರ ಕಡಿಯಬೇಕಿಲ್ಲ. ಮಾವಿನ ತೋಟದಲ್ಲಿ ಸವರಿದ ಕೊಂಬೆ, ಹೊಲದ ಬದುವಿನ ಗ್ಲಿರಿಸಿಡಿಯಾ, ಬೆಂಗಳೂರಲ್ಲಿ ಪ್ರತಿ ಮುಂಗಾರಿಗೆ ರಸ್ತೆಗೆ ಬೀಳೋ ಮರಗಳು, ಬೇಕಾದಷ್ಟಿದೆ.

ನಮಗೆ, ದುಡ್ಡು ಕೊಟ್ಟು ಹೋಗೋರಿಗೆ, ಇನ್ನೂ ಸುಲಭ. ಮುಂದಿನ ಸಲ ಇಂಥ ಕೋರ್ಸಿನ ಪೋಸ್ಟರ್ ಫೋನಿಗೆ ಬಂದಾಗ, ಹಣ ಕಟ್ಟೋ ಮೊದಲು ಎರಡು ಪ್ರಶ್ನೆ ಕೇಳಿ. ಕಲಿಸೋರಲ್ಲಿ ಆ ಊರಿನ ಆಚಾರಿ ಇದ್ದಾರಾ? ಅವರಿಗೆ ಎಷ್ಟು ಕೊಡ್ತೀರಿ? ಹತ್ತು ಜನ ಕೇಳಿದರೆ ಹನ್ನೊಂದನೇ ಪೋಸ್ಟರ್ ಬದಲಾಗುತ್ತೆ. ಮಾರ್ಕೆಟ್ ಅಂದ್ರೆ ನಾವೇ ಅಲ್ವಾ?